ಇಪ್ಪತ್ತೊಂದನೇ ನಂಬರಿನ ಮೇಯರ್

ಕಳೆದ ತಿಂಗಳು ಒಂದು ಭಾನುವಾರ ನಮ್ಮ ಮನೆಯಲ್ಲಿ ಸಣ್ಣದೊಂದು ಯುದ್ಧವೇ ಆಗಿಹೋಯಿತು. ಕಾರಣ, ಒಂದು ಕಿತ್ತಳೆ ಬಣ್ಣದ ಚೆಂಡು.

ನನ್ನ ಮೊಮ್ಮಗಳು ಒಂಬತ್ತನೇ ತರಗತಿ. ಶಾಲೆಯ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದಾಳೆ. ಬೆಳಿಗ್ಗೆ ಐದೂವರೆಗೆ ಎದ್ದು ಶೂ ಹಾಕಿಕೊಂಡು ಹೊರಟರೆ ಮನೆಗೆ ಬರುವುದು ಎಂಟಕ್ಕೆ. ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ನನ್ನ ಸೊಸೆ ಆ ದಿನ ಅವಲಕ್ಕಿ ಒಗ್ಗರಣೆಗೆ ಸಾಸಿವೆ ಹಾಕುತ್ತಲೇ ತೀರ್ಪು ಕೊಟ್ಟುಬಿಟ್ಟಳು: "ಇನ್ನು ಚೆಂಡು ಅಟ್ಟಕ್ಕೆ. ಪರೀಕ್ಷೆ ಮುಗಿದ ಮೇಲೆ ಇಳಿಸೋಣ."

ಹುಡುಗಿ ಅಳಲಿಲ್ಲ. ತಟ್ಟೆ ಹಿಡಿದುಕೊಂಡು ನನ್ನ ಕೋಣೆಗೆ ಬಂದು ಮಂಚದ ಮೇಲೆ ಕೂತು ಕೇಳಿದಳು, "ತಾತ, ನಿಜ ಹೇಳಿ. ಬ್ಯಾಸ್ಕೆಟ್‌ಬಾಲ್ ಆಡಿದೋರೆಲ್ಲ ಆಮೇಲೆ ಏನಾಗ್ತಾರೆ?"

ಪ್ರಶ್ನೆ ನನಗೇ ಬರಬೇಕಾದದ್ದು. ಹಾಸನ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಪೀಟಿ ಮೇಷ್ಟ್ರಾಗಿದ್ದವನು ನಾನು. ನಮ್ಮದು ಮಣ್ಣಿನ ಕೋರ್ಟು. ಎರಡು ಕಡೆ ಕಂಬ, ಅದಕ್ಕೊಂದು ಹಲಗೆ, ಹಲಗೆಗೆ ಬಲೆಯಿಲ್ಲದ ಕಬ್ಬಿಣದ ರಿಂಗು. ಅಲ್ಲಿ ಆಡಿದ ಹುಡುಗರಲ್ಲಿ ಒಬ್ಬ ಬಸ್ ಕಂಡಕ್ಟರ್ ಆದ, ಇನ್ನೊಬ್ಬ ಬ್ಯಾಂಕಿಗೆ ಹೋದ, ಮತ್ತೊಬ್ಬ ಕಾಫಿ ತೋಟ ನೋಡಿಕೊಳ್ಳುತ್ತಾನೆ. ಆದರೆ ಇವಳಿಗೆ ಹೇಳಲು ನನ್ನ ನೆನಪಿಗೆ ಬಂದದ್ದು ಅವರ್‍ಯಾರೂ ಅಲ್ಲ. ಸಾವಿರಾರು ಮೈಲಿ ದೂರದ ಡೆಟ್ರಾಯಿಟ್ ಎಂಬ ಊರಿನ ಒಬ್ಬ ಮೇಯರ್. ಅವರ ಹೆಸರು ಡೇವ್ ಬಿಂಗ್. ಅವರನ್ನು ನಾನು ಟಿವಿಯಲ್ಲಿ ನೋಡಿದ್ದು 2011ರ ನವೆಂಬರಿನಲ್ಲಿ. ಆ ರಾತ್ರಿಯ ಮಾತಿಗೆ ಆಮೇಲೆ ಬರುತ್ತೇನೆ.

ಆ ವರ್ಷ ನಾನೂ ನಮ್ಮ ಮನೆಯವಳೂ ಆರು ತಿಂಗಳು ಅಮೆರಿಕದಲ್ಲಿದ್ದೆವು. ಮಗಳ ಮನೆ ಡೆಟ್ರಾಯಿಟ್ ಊರಿನ ಹೊರವಲಯದಲ್ಲಿ, ಅಳಿಯನಿಗೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಅಮೆರಿಕಕ್ಕೆ ಹೋದ ಅಜ್ಜ-ಅಜ್ಜಿಯರಿಗೆಲ್ಲ ಗೊತ್ತಿರುವ ದಿನಚರಿಯೇ ನಮ್ಮದೂ: ಬೆಳಿಗ್ಗೆ ವಾಕಿಂಗ್, ಮಧ್ಯಾಹ್ನ ನಿದ್ದೆ, ಸಂಜೆ ಅಳಿಯನ ಕಾರಿನ ಸದ್ದಿಗೆ ಕಾಯುವುದು. ಬೇಜಾರು ಕಳೆಯಲು ಹತ್ತಿರದ ಗ್ರಂಥಾಲಯಕ್ಕೆ ನಡೆದುಹೋಗುತ್ತಿದ್ದೆ. ಬ್ಯಾಸ್ಕೆಟ್‌ಬಾಲ್ ಹುಟ್ಟಿದ ದೇಶಕ್ಕೆ ಬಂದಿದ್ದೇನೆ, ಒಂದಾದರೂ ದೊಡ್ಡ ಪಂದ್ಯ ನೋಡಿಯೇ ಹೋಗಬೇಕು ಎಂಬುದು ನನ್ನ ಆಸೆ. ಅದೃಷ್ಟ ನೋಡಿ, ಆ ವರ್ಷವೇ ತಂಡದ ಮಾಲೀಕರಿಗೂ ಆಟಗಾರರಿಗೂ ಹಣದ ವಿಚಾರಕ್ಕೆ ಜಗಳ ಬಿದ್ದು ಎನ್‌ಬಿಎ ಪಂದ್ಯಗಳೇ ನಿಂತುಹೋದವು. ಡಿಸೆಂಬರ್ ಕೊನೆಯಲ್ಲಿ ಆಟ ಶುರುವಾದಾಗ ನಾನು ಹಾಸನದಲ್ಲಿ ಪಿಂಚಣಿ ಕ್ಯೂನಲ್ಲಿ ನಿಂತಿದ್ದೆ. ಆಟ ನೋಡುವ ಬದಲು ಗ್ರಂಥಾಲಯದಲ್ಲಿ ಆಟಗಾರರ ಬಗ್ಗೆ ಓದಿದೆ. ಹಾಗೆ ಸಿಕ್ಕಿದವರು ಬಿಂಗ್.

ಅವರು ಹುಟ್ಟಿದ್ದು 1943ರ ನವೆಂಬರ್ 29ರಂದು, ಅಮೆರಿಕದ ರಾಜಧಾನಿ ವಾಷಿಂಗ್ಟನ್‌ನಲ್ಲಿ. ಅಪ್ಪ ಗಾರೆ ಕೆಲಸದವರು, ಅಮ್ಮ ಮನೆಗೆಲಸಕ್ಕೆ ಹೋಗುತ್ತಿದ್ದವರು. ನಾಲ್ಕು ಮಕ್ಕಳು, ಎರಡು ಕೋಣೆಯ ಚಿಕ್ಕ ಮನೆ. ಡೇವ್‌ಗೆ ಐದು ವರ್ಷವಾಗಿದ್ದಾಗ ಎರಡು ಕೋಲು ಸೇರಿಸಿ ಮೊಳೆ ಹೊಡೆದು ಕುದುರೆ ಮಾಡಿಕೊಂಡು ಆಡುತ್ತಿದ್ದ. ನಮ್ಮ ಮಕ್ಕಳೂ ಕೋಲುಕುದುರೆ ಆಡುತ್ತಾರಲ್ಲ, ಅಂಥದ್ದೇ. ಓಡುವಾಗ ಎಡವಿ ಬಿದ್ದ. ಮೊಳೆ ಎಡಗಣ್ಣಿಗೆ ಚುಚ್ಚಿತು. ಶಸ್ತ್ರಚಿಕಿತ್ಸೆ ಮಾಡಿಸಲು ಮನೆಯಲ್ಲಿ ಹಣವಿರಲಿಲ್ಲ. ಗಾಯ ತಾನಾಗಿಯೇ ಮಾಯಿತು. ದೃಷ್ಟಿ ಮಾತ್ರ ಮಬ್ಬಾಗಿಯೇ ಉಳಿಯಿತು.

ಮುಂದೆ ಇದೇ ಹುಡುಗ ದೂರದಿಂದ ಗುರಿ ಹಿಡಿದು ಬುಟ್ಟಿಗೆ ಚೆಂಡು ಹಾಕುವುದರಲ್ಲಿ ದೇಶಕ್ಕೇ ಹೆಸರಾದ. ಈಚೆಗೆ ಕಣ್ಣಿನ ಪೊರೆ ತೆಗೆಸಿಕೊಳ್ಳುವವರೆಗೆ ನನಗೆ ಮೆಟ್ಟಿಲಿನ ಅಂಚೇ ಕಾಣುತ್ತಿರಲಿಲ್ಲ. ಹಾಗಾಗಿ ಅವರು ಮಾಡಿದ್ದು ಎಂಥ ಕೆಲಸ ಎಂದು ಸ್ವಲ್ಪ ಊಹಿಸಬಲ್ಲೆ. ಎತ್ತರವಾದರೂ ಇತ್ತೇ? 6 ಅಡಿ 3 ಅಂಗುಲ. ನಮಗೆ ಅದು ತೆಂಗಿನಮರ. ಆ ಆಟದಲ್ಲಿ ಅದು ಕುಳ್ಳರ ಸಾಲು.

ಸಿರಾಕ್ಯೂಸ್ ವಿಶ್ವವಿದ್ಯಾಲಯ ಕರೆದು ಸೇರಿಸಿಕೊಂಡಿತು. ಅಲ್ಲಿ ಆಡುತ್ತಲೇ ಅರ್ಥಶಾಸ್ತ್ರ ಓದಿ 1966ರಲ್ಲಿ ಪದವಿ ಪಡೆದರು. ಕೊನೆಯ ವರ್ಷ ಪಂದ್ಯಕ್ಕೆ ಸರಾಸರಿ 28.4 ಅಂಕ. ಅವರ ಹಾಸ್ಟೆಲ್ ಕೋಣೆಯ ಜೊತೆಗಾರನ ಹೆಸರು ಜಿಮ್ ಬೋಹೈಮ್. ಅವರು ಮುಂದೆ ಅದೇ ವಿಶ್ವವಿದ್ಯಾಲಯದ ತಂಡಕ್ಕೆ ಕೋಚ್ ಆಗಿ 47 ವರ್ಷ ಅಲ್ಲೇ ಉಳಿದರು! ಒಬ್ಬರು ಒಂದೇ ಕಡೆ ಬೇರುಬಿಟ್ಟರು, ಇನ್ನೊಬ್ಬರು ಮೂರು ಜನ್ಮಕ್ಕಾಗುವಷ್ಟು ಕೆಲಸ ಬದಲಿಸಿದರು.

ಡೆಟ್ರಾಯಿಟ್‌ಗೆ ಬಿಂಗ್ ಬಂದ ಕತೆಯೂ ತಮಾಷೆಯಾಗಿದೆ. ಆಗ ವರ್ಷದ ಹೊಸ ಆಟಗಾರರಲ್ಲಿ ಮೊದಲು ಯಾರು ಆರಿಸಿಕೊಳ್ಳಬೇಕು ಎಂದು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದರು. ಡೆಟ್ರಾಯಿಟ್ ಪಿಸ್ಟನ್ಸ್ ತಂಡಕ್ಕೆ ಬೇಕಾಗಿದ್ದವರು ತಮ್ಮದೇ ರಾಜ್ಯದ ವಿಶ್ವವಿದ್ಯಾಲಯದ ಹೀರೋ ಕ್ಯಾಜಿ ರಸೆಲ್. ನಾಣ್ಯ ಉಲ್ಟಾ ಬಿತ್ತು. ರಸೆಲ್ ನ್ಯೂಯಾರ್ಕ್ ಪಾಲಾದರು. ಎರಡನೆಯವರಾಗಿ ಸಿಕ್ಕಿದವರು ಬಿಂಗ್. ಊರಿನವರಿಗೆ ನಿರಾಸೆ. ಬೇಡದ ನೆಂಟನ ಹಾಗೆ ಬಂದವರು ಮೊದಲ ವರ್ಷವೇ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ತೆಗೆದುಕೊಂಡರು. ಎರಡನೇ ವರ್ಷ, 1967-68ರಲ್ಲಿ, 2,142 ಅಂಕ ಗಳಿಸಿ ಇಡೀ ಎನ್‌ಬಿಎಯಲ್ಲಿ ಎಲ್ಲರಿಗಿಂತ ಮುಂದಿದ್ದರು. ಬೆನ್ನ ಮೇಲಿನ ನಂಬರ್ 21.

ಆದರೆ ನನಗೆ ಇಷ್ಟವಾದದ್ದು ಈ ಅಂಕಗಳಲ್ಲ. ಆಗಿನ ಕಾಲದ ಆಟಗಾರರಿಗೆ ಈಗಿನಂತೆ ಕೋಟಿಗಟ್ಟಲೆ ಸಂಬಳವಿರಲಿಲ್ಲ. ಬಿಂಗ್ ಅವರ ಮೊದಲ ವರ್ಷದ ಸಂಬಳ 15 ಸಾವಿರ ಡಾಲರ್. ಮನೆ ಕೊಳ್ಳಲು ಸಾಲ ಕೇಳಿದರೆ ಬ್ಯಾಂಕು ಕೊಡಲಿಲ್ಲ. ಕಪ್ಪು ಜನರಿಗೆ ಸಾಲ ಸಿಗುವುದೇ ಕಷ್ಟವಾಗಿದ್ದ ಕಾಲ ಅದು. ಸಾಮಾನ್ಯರಾಗಿದ್ದರೆ ಬೈದುಕೊಂಡು ಬರುತ್ತಿದ್ದರು. ಇವರು ಬ್ಯಾಂಕು ಹೇಗೆ ನಡೆಯುತ್ತದೆ, ಯಾರಿಗೆ ಕೊಡುತ್ತದೆ, ಯಾರಿಗೆ ಕೊಡುವುದಿಲ್ಲ ಎಂದು ತಿಳಿದುಕೊಳ್ಳಲು ಹೊರಟರು. ಪಂದ್ಯಗಳಿಲ್ಲದ ಬೇಸಿಗೆಯಲ್ಲಿ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದರು. ಕೆಳಗಿನ ಮೆಟ್ಟಿಲಿನಿಂದ, ಕೌಂಟರಿನಿಂದ. ಚಳಿಗಾಲದಲ್ಲಿ ಸಾವಿರಾರು ಜನ ಹೆಸರು ಕೂಗುತ್ತಿದ್ದ ಆಟಗಾರ, ಬೇಸಿಗೆಯಲ್ಲಿ ಬ್ಯಾಂಕಿನ ಕಾಗದಪತ್ರ ನೋಡುತ್ತ ಕೂತಿರುತ್ತಿದ್ದರು.

ಇಲ್ಲಿಗೆ ಬರುವಷ್ಟರಲ್ಲಿ ನನ್ನ ಸೊಸೆ ಕಾಫಿ ತಂದಿಟ್ಟು ಬಾಗಿಲಲ್ಲೇ ನಿಂತಿದ್ದಳು. "ನೋಡು, ಅವರು ಡಿಗ್ರಿ ಮಾಡ್ಕೊಂಡೇ ಆಡಿದ್ದು" ಎಂದು ಮಗಳಿಗೆ ಹೇಳಿದಳು. ಮೊಮ್ಮಗಳು, "ಆಡ್ಕೊಂಡೇ ಡಿಗ್ರಿ ಮಾಡಿದ್ದು" ಎಂದಳು. ನಾನು ಕಾಫಿ ಕುಡಿದೆ.

1971ರಲ್ಲಿ ಎರಡನೇ ಪೆಟ್ಟು ಬಿತ್ತು. ಋತು ಶುರುವಾಗುವ ಮುಂಚಿನ ಒಂದು ಪಂದ್ಯದಲ್ಲಿ ಎದುರಾಳಿಯ ಬೆರಳು ಬಲಗಣ್ಣಿಗೆ ತಗುಲಿತು. ಅದು ಅವರ ಒಳ್ಳೆಯ ಕಣ್ಣು. ಕಣ್ಣಿನ ಹಿಂಬದಿಯ ರೆಟಿನಾ ಪೊರೆಯೇ ಕಿತ್ತುಕೊಂಡಿತು. ಶಸ್ತ್ರಚಿಕಿತ್ಸೆ ಆಯಿತು. ಇನ್ನು ಆಟ ಬಿಡಿ ಎಂದು ವೈದ್ಯರು ಹೇಳಿದರು. ಸುಮಾರು ಮೂರು ತಿಂಗಳಲ್ಲಿ ಬಿಂಗ್ ಅಂಕಣಕ್ಕೆ ಮರಳಿದರು, ಆ ಋತುವಿನಲ್ಲೇ 45 ಪಂದ್ಯ ಆಡಿದರು. ಮಕ್ಕಳೇ, ಇದನ್ನು ಓದಿ ಡಾಕ್ಟರ ಮಾತು ಮೀರಬೇಡಿ. ಕಣ್ಣಿನ ವಿಷಯದಲ್ಲಂತೂ ಬೇಡವೇ ಬೇಡ. ಅವರು ಮಾಡಿದ್ದು ಸರಿ ಎಂದು ನಾನು ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ.

ಒಟ್ಟು 12 ವರ್ಷ ಆಡಿದರು. ಡೆಟ್ರಾಯಿಟ್ ಬಿಟ್ಟು ವಾಷಿಂಗ್ಟನ್‌ಗೆ, ಅಲ್ಲಿಂದ ಬಾಸ್ಟನ್‌ಗೆ. 18,327 ಅಂಕ ಗಳಿಸಿ 1978ರಲ್ಲಿ ನಿವೃತ್ತರಾದಾಗ ವಯಸ್ಸು 34. ನಾನು ಕೆಲಸಕ್ಕೆ ಸೇರಿ ಹತ್ತು ವರ್ಷವೂ ಆಗಿರದ ವಯಸ್ಸಿನಲ್ಲಿ ಅವರು ನಿವೃತ್ತ!

ಮುಂದೇನು? ಡೆಟ್ರಾಯಿಟ್‌ನಲ್ಲಿ ಪ್ಯಾರಗಾನ್ ಎಂಬ ಉಕ್ಕಿನ ಕಂಪನಿ ಇತ್ತು. ಹೆಸರಾಂತ ಆಟಗಾರನನ್ನು ಸೂಟು ಹಾಕಿಸಿ ಗಿರಾಕಿಗಳ ಕೈಕುಲುಕಲು ನಿಲ್ಲಿಸುವುದು ಯಾವ ಕಂಪನಿಗೂ ಲಾಭವೇ. ಬಿಂಗ್ ಅದನ್ನು ಒಪ್ಪಲಿಲ್ಲ. ನನಗೆ ಕೆಲಸ ಕಲಿಸಿ ಎಂದರು. ಎರಡು ವರ್ಷ ಗೋದಾಮು, ಸಾಗಣೆ, ಲೆಕ್ಕಪತ್ರ, ಮಾರಾಟ, ಒಂದೊಂದೇ ವಿಭಾಗದಲ್ಲಿ ಕೂತು ಕಲಿತರು. 1980ರಲ್ಲಿ ಸ್ವಂತ ಕಂಪನಿ ತೆಗೆದರು. ಹೆಸರು ಬಿಂಗ್ ಸ್ಟೀಲ್. ಬಾಡಿಗೆಯ ಗೋದಾಮು, ನಾಲ್ಕು ಜನ ನೌಕರರು, ತಮ್ಮ ಉಳಿತಾಯದ ಹಣ, ಮೇಲೊಂದು ಬ್ಯಾಂಕ್ ಸಾಲ.

ಮೊಮ್ಮಗಳು ಕೇಳಿದಳು, "ಉಕ್ಕು ಕಾರ್ಖಾನೆ ಅಂದ್ರೆ ಭದ್ರಾವತಿ ತರಹಾನಾ?" ಅಲ್ಲ. ಇದು ಬಟ್ಟೆ ಅಂಗಡಿ ತರಹ. ಗಿರಣಿಯಿಂದ ಬಟ್ಟೆ ತಾನುಗಟ್ಟಲೆ ಬರುತ್ತದೆ. ದರ್ಜಿಗೆ ಬೇಕಾಗಿರುವುದು ಎರಡೂಕಾಲು ಮೀಟರ್. ನಡುವೆ ಒಬ್ಬ ಬೇಕು, ಅಳೆದು, ಕತ್ತರಿಸಿ, ಹೇಳಿದ ದಿನಕ್ಕೆ ತಲುಪಿಸುವವನು. ದೊಡ್ಡ ಕಾರ್ಖಾನೆಗಳಿಂದ ಉಕ್ಕಿನ ತಗಡು ಭಾರೀ ಸುರುಳಿಗಳಾಗಿ ಬರುತ್ತದೆ. ಕಾರು ಮಾಡುವವರಿಗೆ ಅದು ಇಂತಿಷ್ಟೇ ಅಗಲ, ಇಂತಿಷ್ಟೇ ಉದ್ದಕ್ಕೆ ಬೇಕು. ಆ ನಡುವಿನ ಅಂಗಡಿ ಬಿಂಗ್ ಅವರದ್ದು.

ಮೊದಲ ಆರು ತಿಂಗಳಲ್ಲೇ ಕೈಯಲ್ಲಿದ್ದ ಹಣ ಕರಗಿತು. ಆ ವರ್ಷ ಅಮೆರಿಕದಲ್ಲಿ ಕಾರು ಮಾರಾಟವೇ ಕುಸಿದಿತ್ತು. ಆಗ ಗೋದಾಮಿನಲ್ಲಿ ಸರಕು ತುಂಬಿಸಿಡುವ ಖರ್ಚು ಬಿಟ್ಟು, ಕೊಳ್ಳುವವರಿಗೂ ಮಾಡುವವರಿಗೂ ಮಧ್ಯೆ ನಿಂತು ವ್ಯಾಪಾರ ಕುದುರಿಸುವ ದಾರಿ ಹಿಡಿದರು. ಜನರಲ್ ಮೋಟರ್ಸ್ ಗಿರಾಕಿಯಾಯಿತು. ಎರಡನೇ ವರ್ಷದ ವಹಿವಾಟು 42 ಲಕ್ಷ ಡಾಲರ್. 1984ರಲ್ಲಿ ಅಧ್ಯಕ್ಷ ರೇಗನ್ ಅವರ ಕೈಯಿಂದ ಅಲ್ಪಸಂಖ್ಯಾತ ಸಮುದಾಯಗಳ ಸಣ್ಣ ಉದ್ಯಮಿಗಳಿಗೆ ಕೊಡುವ ರಾಷ್ಟ್ರೀಯ ಪ್ರಶಸ್ತಿ. 1985ರ ಹೊತ್ತಿಗೆ ಎರಡು ಘಟಕ, 63 ನೌಕರರು, ವರ್ಷಕ್ಕೆ 4 ಕೋಟಿ ಡಾಲರ್ ವ್ಯಾಪಾರ. ಆಮೇಲೆ ಇನ್ನೂ ಬೆಳೆದು ಬಿಂಗ್ ಗ್ರೂಪ್ ಆಯಿತು. ಹಿಂದೊಮ್ಮೆ ಮನೆ ಸಾಲ ಸಿಗದಿದ್ದವರು ಈಗ ತಿಂಗಳ ಕೊನೆಗೆ ಊರಿನವರಿಗೆ ಸಂಬಳ ಕೊಡುವವರಾದರು.

ಪೀಟಿ ಮೇಷ್ಟ್ರಾದ ನನಗೆ ಇನ್ನೊಂದು ವಿಷಯ ಹೇಳದಿದ್ದರೆ ಸಮಾಧಾನವಿಲ್ಲ. 1989ರಲ್ಲಿ ಡೆಟ್ರಾಯಿಟ್‌ನ ಸರ್ಕಾರಿ ಶಾಲೆಗಳಲ್ಲಿ ಹಣವಿಲ್ಲವೆಂದು ಆಟದ ತಂಡಗಳನ್ನೇ ನಿಲ್ಲಿಸಲು ಹೊರಟರು. (ದುಡ್ಡು ಕಮ್ಮಿಯಾದಾಗ ಮೊದಲು ಕತ್ತರಿ ಬೀಳುವುದು ಆಟದ ಪೀರಿಯಡ್ಡಿಗೇ. ಅದು ಅಮೆರಿಕವಾದರೇನು, ನಮ್ಮೂರಾದರೇನು.) ಬಿಂಗ್ ಮುಂದೆ ನಿಂತು ಚಂದಾ ಎತ್ತಿದರು. 3 ಲಕ್ಷ 70 ಸಾವಿರ ಡಾಲರಿಗಿಂತ ಹೆಚ್ಚು ಕೂಡಿತು. ಮಕ್ಕಳ ಆಟ ಉಳಿಯಿತು. ಮರುವರ್ಷ, 1990ರಲ್ಲಿ, ಬ್ಯಾಸ್ಕೆಟ್‌ಬಾಲಿನ ಹಾಲ್ ಆಫ್ ಫೇಮ್‌ನಲ್ಲಿ ಅವರ ಹೆಸರು ಸೇರಿತು.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ಸೊಗಸಾದ ಕತೆ. ಹಣ ಬಂತು, ಹೆಸರಿತ್ತು, ವಯಸ್ಸು 65 ಆಗಿತ್ತು. ಮೊಮ್ಮಕ್ಕಳನ್ನು ಆಡಿಸಿಕೊಂಡು ಇರಬಹುದಿತ್ತು.

ಡೆಟ್ರಾಯಿಟ್ ಎಂಬ ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಜಗತ್ತಿಗೆ ಕಾರು ಕಲಿಸಿದ ಊರು ಅದು. 1950ರಲ್ಲಿ ಜನಸಂಖ್ಯೆ ಹದಿನೆಂಟೂವರೆ ಲಕ್ಷ. 1967ರಲ್ಲಿ ಕಪ್ಪು-ಬಿಳಿ ಜನರ ನಡುವಿನ ಬಿರುಕು ಭೀಕರ ಗಲಭೆಯಾಗಿ ಸ್ಫೋಟಿಸಿ 43 ಜನ ಸತ್ತರು. ಬಿಂಗ್ ಆಗಷ್ಟೇ ಆ ಊರಿನಲ್ಲಿ ಒಂದು ಋತು ಆಡಿ ಮುಗಿಸಿದ್ದರು. ಅದಕ್ಕೂ ಮುಂಚೆಯೇ ಶುರುವಾಗಿದ್ದ ವಲಸೆ ಆಮೇಲೆ ಜೋರಾಯಿತು. ಕಾರ್ಖಾನೆಗಳು ಹೊರಗೆ ಹೋದವು, ಉಳ್ಳವರು ಹೊರವಲಯಕ್ಕೆ ಹೋದರು. 2010ರ ಜನಗಣತಿಯಲ್ಲಿ ಉಳಿದದ್ದು 7,13,777 ಜನ. ಊರಿನ ಹರವು ಮಾತ್ರ ಅಷ್ಟೇ, ಸುಮಾರು 360 ಚದರ ಕಿಲೋಮೀಟರ್. ಹದಿನೆಂಟು ಜನರಿದ್ದ ತೊಟ್ಟಿಮನೆಯಲ್ಲಿ ಈಗ ಏಳೇ ಜನ ಇದ್ದಾರೆ ಎಂದುಕೊಳ್ಳಿ. ಹೆಂಚು ಅಷ್ಟೇ, ಸೋರುವ ಜಾಗ ಅಷ್ಟೇ, ದೀಪ ಅಷ್ಟೇ. ಖರ್ಚು ಹಂಚಿಕೊಳ್ಳುವವರಿಲ್ಲ. ಮೇಲಾಗಿ, ದುಡಿಯುವ ಕಾಲದಲ್ಲಿ ಮಾಡಿದ ಸಾಲ ಬೆಳೆಯುತ್ತಲೇ ಇದೆ.

2008ರಲ್ಲಿ ಆ ಊರಿನ ಮೇಯರ್ ಒಂದು ಹಗರಣದಲ್ಲಿ ತಪ್ಪೊಪ್ಪಿಕೊಂಡು ಕುರ್ಚಿ ಬಿಟ್ಟು ಜೈಲಿಗೆ ಹೋದರು. ನಮ್ಮ ಮೈಸೂರಿನಂಥ ಊರುಗಳಲ್ಲಿ ಪಾಲಿಕೆ ಸದಸ್ಯರು ಸೇರಿ ಒಂದು ವರ್ಷದ ಮಟ್ಟಿಗೆ ಮೇಯರನ್ನು ಆರಿಸುತ್ತಾರೆ. ಅಲ್ಲಿ ಹಾಗಲ್ಲ, ಜನರೇ ನೇರವಾಗಿ ಮತ ಹಾಕುತ್ತಾರೆ. ಪೊಲೀಸ್, ಬಸ್ಸು, ಬೀದಿದೀಪ, ಕಸ ಎಲ್ಲಕ್ಕೂ ಮೇಯರೇ ಯಜಮಾನ. ಖಾಲಿಯಾದ ಕುರ್ಚಿಗೆ 2009ರ ಮೇ 5ರಂದು ಚುನಾವಣೆ ನಡೆಯಿತು. ಹೊರವಲಯದಲ್ಲಿದ್ದ ಬಿಂಗ್ ಊರೊಳಗೆ ಮನೆ ಮಾಡಿ ನಿಂತರು. ಹೊರಗಿನವ ಎಂದು ಟೀಕೆಯೂ ಬಂತು. ಗೆದ್ದರು. ನವೆಂಬರಿನಲ್ಲಿ ಪೂರ್ಣ ಅವಧಿಯ ಚುನಾವಣೆಯನ್ನೂ ಗೆದ್ದರು.

ಅವರು ಕುರ್ಚಿಯಲ್ಲಿ ಕೂತ ಗಳಿಗೆಯನ್ನು ನೋಡಿ. ಏಪ್ರಿಲ್ ಕೊನೆಯಲ್ಲಿ ಕ್ರೈಸ್ಲರ್ ದಿವಾಳಿ ಅರ್ಜಿ ಹಾಕಿತ್ತು. ಜೂನ್ 1ಕ್ಕೆ ಜನರಲ್ ಮೋಟರ್ಸ್. ಊರಿನ ಎರಡು ದೊಡ್ಡ ಕಂಬಗಳು ಅಲುಗಾಡುತ್ತಿರುವಾಗ ಪಾಲಿಕೆಯ ಲೆಕ್ಕದಲ್ಲಿ ಸುಮಾರು 30 ಕೋಟಿ ಡಾಲರ್ ಕೊರತೆ.

ನಾನು ನೋಡಿದಾಗ ಬಿಂಗ್ ಮೇಯರಾಗಿ ಎರಡು ವರ್ಷ ಕಳೆದಿತ್ತು. ಅಳಿಯ ಒಂದು ಶನಿವಾರ ವುಡ್‌ವರ್ಡ್ ಅವೆನ್ಯೂದಲ್ಲಿ ಕಾರು ಓಡಿಸಿಕೊಂಡು ಊರೊಳಗೆ ಕರೆದುಕೊಂಡು ಹೋದ. ಎಂಟನೇ ಮೈಲಿ ರಸ್ತೆ ಎಂದೇ ಹೆಸರಿರುವ ರಸ್ತೆ ಊರಿನ ಗಡಿ. ಅದರಾಚೆ ಅಂಗಡಿ, ಹುಲ್ಲುಹಾಸು, ದೀಪ. ಈಚೆಗೆ ಬಂದಂತೆ ಕಿಟಕಿ ಒಡೆದ ಮನೆಗಳು, ಸುಟ್ಟು ಕರಕಲಾದ ಮನೆಗಳು, ಮನೆಯೇ ಇಲ್ಲದೆ ಹುಲ್ಲು ಬೆಳೆದ ಸೈಟುಗಳು. ಮಧ್ಯೆ ಒಂದೊಂದು ಮನೆಯ ಮುಂದೆ ಹೂಕುಂಡ ಇಟ್ಟಿದ್ದರು, ಅದನ್ನು ನೋಡಿ ಕರುಳು ಚುರ್ ಎಂದಿತು. 1988ರಿಂದ ರೈಲು ಬಾರದೆ ನಿಂತಿದ್ದ ಅರಮನೆಯಂಥ ರೈಲು ನಿಲ್ದಾಣವನ್ನೂ ಹೊರಗಿನಿಂದ ತೋರಿಸಿದ. ಹಿಂತಿರುಗುವಾಗ ಕತ್ತಲಾಗಿತ್ತು. ಬೀದಿಗೆ ಬೀದಿಯೇ ದೀಪವಿಲ್ಲ. ಊರಿನ ನೂರು ದೀಪದಲ್ಲಿ ನಲವತ್ತು ಉರಿಯುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ನಮ್ಮ ಮನೆಯವಳು, "ಇದು ಅಮೆರಿಕಾನೇನ್ರೀ?" ಎಂದಳು.

ಮಕ್ಕಳಿಗೆ ಇಷ್ಟವಾಗುವ ಒಂದು ಸಂಗತಿ ಇದೆ. ರೋಬೋಕಾಪ್ ಎಂಬ ಸಿನಿಮಾದ ಯಂತ್ರ-ಪೊಲೀಸನ ಕತೆ ನಡೆಯುವುದು ಡೆಟ್ರಾಯಿಟ್‌ನಲ್ಲಿ. 2011ರ ಫೆಬ್ರುವರಿಯಲ್ಲಿ ಯಾರೋ ಒಬ್ಬರು ಟ್ವಿಟರ್‌ನಲ್ಲಿ ಮೇಯರಿಗೆ, ರೋಬೋಕಾಪ್ ಪ್ರತಿಮೆ ನಿಲ್ಲಿಸಿದರೆ ಹೇಗೆ ಎಂದು ಸಲಹೆ ಕೊಟ್ಟರು. ಅಂಥ ಯೋಜನೆಯೇನೂ ಇಲ್ಲ ಎಂದು ಮೇಯರ್ ಖಾತೆಯಿಂದ ವಿನಯದ ಉತ್ತರ ಹೋಯಿತು. ಅಭಿಮಾನಿಗಳು ಬಿಡಲಿಲ್ಲ, ಕೆಲವೇ ವಾರಗಳಲ್ಲಿ 60 ಸಾವಿರ ಡಾಲರಿಗಿಂತ ಹೆಚ್ಚು ಚಂದಾ ಎತ್ತಿಬಿಟ್ಟರು! ಬೀದಿದೀಪಕ್ಕೆ ಹಣವಿಲ್ಲದೆ ಕೂತಿದ್ದ ಮೇಯರ್ ಆ ಸುದ್ದಿ ಓದಿ ನಕ್ಕರೋ ಅತ್ತರೋ.

ಆ ನವೆಂಬರ್ ರಾತ್ರಿಗೆ ಬರುತ್ತೇನೆ. 2011ರ ನವೆಂಬರ್ 16, ಬುಧವಾರ. ಹೊರಗೆ ಕೊರೆಯುವ ಚಳಿ. ಮೇಯರ್ ಟಿವಿಯಲ್ಲಿ ಮಾತನಾಡುತ್ತಾರೆಂದು ಅಳಿಯ ಊಟದ ತಟ್ಟೆ ಹಿಡಿದೇ ಕೂತಿದ್ದ. ಬಿಳಿಗೂದಲಿನ, ನೀಳ ದೇಹದ ಮುದುಕರು ಬಂದು ನಿಂತರು. ದನಿ ಏರಿಸಲಿಲ್ಲ, ಚಪ್ಪಾಳೆಗೆ ಕಾಯಲಿಲ್ಲ. ಊರಿನ ಆಡಳಿತ ಕೆಟ್ಟುಹೋಗಿದೆ, ಹೀಗೇ ಹೋದರೆ ಏಪ್ರಿಲ್ ಹೊತ್ತಿಗೆ ಖಜಾನೆಯಲ್ಲಿ ನಗದು ಮುಗಿಯುತ್ತದೆ ಎಂದು ಹೇಳಿದರು. ನೌಕರರ ಸಂಬಳದಲ್ಲಿ ಶೇ. 10 ಕಡಿತವಾಗಬೇಕು, ಆರೋಗ್ಯ ವಿಮೆಗೆ ಅವರೂ ಹೆಚ್ಚು ಕೊಡಬೇಕು ಎಂದರು.

ನಾನು ನನ್ನ ಜೀವಮಾನದಲ್ಲಿ ಬಹಳ ಭಾಷಣ ಕೇಳಿದ್ದೇನೆ. ಅಧಿಕಾರದಲ್ಲಿದ್ದವರೊಬ್ಬರು ನನ್ನ ಹತ್ತಿರ ದುಡ್ಡಿಲ್ಲ, ಇಂಥ ತಿಂಗಳಿಗೆ ಮುಗಿಯುತ್ತದೆ ಎಂದು ತಿಂಗಳ ಹೆಸರು ಹಿಡಿದು ಹೇಳಿದ್ದನ್ನು ಕೇಳಿದ್ದು ಅದೇ ಮೊದಲು. ಅಳಿಯ, "ಮುಂದಿನ ಎಲೆಕ್ಷನ್ ಕತೆ ಮುಗೀತು ಮಾವ, ಇಷ್ಟು ನಿಜ ಹೇಳಿದೋರಿಗೆ ಯಾರು ವೋಟ್ ಹಾಕ್ತಾರೆ?" ಎಂದ.

ಬಿಂಗ್ ಎಲ್ಲವನ್ನೂ ಸರಿಯಾಗಿ ಮಾಡಿದರು ಎಂದು ನಾನು ಹೇಳಲಾರೆ. ನಾಲ್ಕು ವರ್ಷದಲ್ಲಿ 10 ಸಾವಿರ ಪಾಳು ಮನೆ ಕೆಡವುತ್ತೇವೆ ಎಂದರು. ಜನ ಚದುರಿರುವ ಬಡಾವಣೆಗಳಿಂದ ಒತ್ತಾಗಿರುವ ಬಡಾವಣೆಗಳಿಗೆ ಬಂದರೆ ಸೌಲಭ್ಯ ಕೊಡುವುದು ಸುಲಭ ಎಂಬ ಯೋಜನೆ ತಂದರು. ಲೆಕ್ಕದಲ್ಲಿ ಅದು ಸರಿ. ಆದರೆ ಅಜ್ಜಿ ನೆಟ್ಟ ಮರ ಬಿಟ್ಟು ಬಾ ಎಂದರೆ ಯಾರು ಬರುತ್ತಾರೆ? ನೀರಾವರಿ ಯೋಜನೆಯಲ್ಲಿ ಊರು ಮುಳುಗಿದವರನ್ನು ಕೇಳಿದರೆ ಗೊತ್ತಾಗುತ್ತದೆ. ಜನ ಸಭೆಗಳಲ್ಲಿ ಸಿಟ್ಟಾದರು. ಕಂಪನಿಯಲ್ಲಿ ಯಜಮಾನ ಹೇಳಿದ್ದು ಮರುದಿನ ಆಗುತ್ತದೆ. ಊರಿನಲ್ಲಿ ನಗರಸಭೆ ಉಂಟು, ಸಂಘಗಳುಂಟು, ನ್ಯಾಯಾಲಯ ಉಂಟು. ನಾನೂ ಒಮ್ಮೆ ಆರು ತಿಂಗಳು ಇನ್‌ಚಾರ್ಜ್ ಹೆಡ್ಮಾಸ್ಟರ್ ಆಗಿದ್ದೆ. ಮೈದಾನದಲ್ಲಿ ಪೀಪಿ ಊದಿದರೆ ನಲವತ್ತು ಹುಡುಗರು ಸಾಲಾಗಿ ನಿಲ್ಲುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಪೀಪಿ ಊದುವಂತಿರಲಿಲ್ಲ. ಆರೇ ಜನರಿದ್ದರು, ಒಬ್ಬರೂ ಮಾತು ಕೇಳಲಿಲ್ಲ. ಬಿಂಗ್ ಅವರ ಕಷ್ಟ ನನಗೆ ಅಷ್ಟರ ಮಟ್ಟಿಗೆ ಅರ್ಥವಾಗುತ್ತದೆ.

2013ರ ಮಾರ್ಚ್‌ನಲ್ಲಿ ರಾಜ್ಯದ ಗವರ್ನರ್ ಡೆಟ್ರಾಯಿಟ್‌ಗೆ ತುರ್ತು ಆಡಳಿತಾಧಿಕಾರಿಯನ್ನು ನೇಮಿಸಿದರು. ಬಂದವರು ಕೆವಿನ್ ಆರ್ ಎಂಬ ವಕೀಲರು. ಮೇಯರ್ ಕುರ್ಚಿ ಉಳಿಯಿತು, ಬೀಗದ ಕೈ ಬೇರೆಯವರ ಸೊಂಟಕ್ಕೆ ಹೋಯಿತು. ಬೀದಿಯಲ್ಲಿ ಪ್ರತಿಭಟನೆಗಳಾದವು. ಬಿಂಗ್ ಜಗಳಕ್ಕೆ ನಿಲ್ಲದೆ ಆ ಅಧಿಕಾರಿಯ ಜೊತೆ ಕೆಲಸ ಮಾಡುವುದನ್ನೇ ಆರಿಸಿಕೊಂಡರು. ಹಲವರಿಗೆ ಅದು ಸರಿಬರಲಿಲ್ಲ. ಮೇ ತಿಂಗಳಲ್ಲಿ, ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಹೇಳಿಬಿಟ್ಟರು. ಜುಲೈ 18ರಂದು ಡೆಟ್ರಾಯಿಟ್ ನಗರ ನ್ಯಾಯಾಲಯಕ್ಕೆ ದಿವಾಳಿ ಅರ್ಜಿ ಹಾಕಿತು. ಸಾಲ ಸುಮಾರು 1,800 ಕೋಟಿ ಡಾಲರ್. ಅಮೆರಿಕದ ಚರಿತ್ರೆಯಲ್ಲಿ ಅಷ್ಟು ದೊಡ್ಡ ನಗರ ದಿವಾಳಿ ಅದಕ್ಕೆ ಮುಂಚೆ ಆಗಿರಲಿಲ್ಲ. ಮರುವರ್ಷ ಡಿಸೆಂಬರಿನಲ್ಲಿ ಊರು ಅದರಿಂದ ಹೊರಬಂತು, ಆದರೆ ನಗರದ ನಿವೃತ್ತ ನೌಕರರ ಪಿಂಚಣಿಯಲ್ಲಿ ಶೇ. 4.5 ಕತ್ತರಿಸಿದರು, ತುಟ್ಟಿಭತ್ಯೆಯೂ ಹೋಯಿತು. ಈ ಸುದ್ದಿ ಹಾಸನದಲ್ಲಿ ಕೂತು ಓದಿದಾಗ ಪಿಂಚಣಿದಾರನಾದ ನನ್ನ ಎದೆ ಒಂದು ಸಲ ಢವ್ ಎಂದಿತು. ಜೀವಮಾನವಿಡೀ ಕಸ ಎತ್ತಿದವರು, ಬಸ್ ಓಡಿಸಿದವರು ಮಾಡಿದ ತಪ್ಪೇನು?

ಬಿಂಗ್ ಅಧಿಕಾರ ಬಿಟ್ಟದ್ದು 2013ರ ಕೊನೆಯಲ್ಲಿ, ತಮ್ಮ ಎಪ್ಪತ್ತನೇ ವಯಸ್ಸಿನಲ್ಲಿ. ಆಗಲಾದರೂ ಮನೆಯಲ್ಲಿ ಕೂತರೇ? ಇಲ್ಲ. ಬಿಂಗ್ ಯೂತ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆ ಕಟ್ಟಿದರು. ಡೆಟ್ರಾಯಿಟ್‌ನ ಹೈಸ್ಕೂಲಿನ ಕಪ್ಪು ಹುಡುಗರಿಗೆ ಹಿರಿಯರನ್ನು ಜೊತೆ ಮಾಡಿ, ಓದು, ಕೆಲಸ, ನಡೆನುಡಿ ಎಲ್ಲದರಲ್ಲೂ ಬೆನ್ನಿಗೆ ನಿಲ್ಲುವ ಕೆಲಸ. 2020ರಲ್ಲಿ ತಮ್ಮ ಆತ್ಮಕತೆಯನ್ನೂ ಬರೆದು ಪ್ರಕಟಿಸಿದರು.

ಮೊಮ್ಮಗಳು ಅಷ್ಟೂ ಕೇಳಿದಳು. ಅವಲಕ್ಕಿ ತಟ್ಟೆ ಒಣಗಿತ್ತು. "ತಾತ, ಕೊನೆಗೆ ಅವರು ಗೆದ್ದರಾ, ಸೋತರಾ?"

ನಾನು ಕನ್ನಡಕ ತೆಗೆದು ಒರೆಸಿದೆ. ಆಟದಲ್ಲಾದರೆ ಕೊನೆಯ ಪೀಪಿ ಊದಿದಾಗ ಬೋರ್ಡಿನ ಮೇಲೆ ನಂಬರ್ ಇರುತ್ತದೆ, ನೋಡಿ ಹೇಳಬಹುದು. ಇದಕ್ಕೆ ನನ್ನ ಹತ್ತಿರ ಬೋರ್ಡಿಲ್ಲ ಎಂದೆ. ಅವಳಿಗೆ ಉತ್ತರ ಹಿಡಿಸಲಿಲ್ಲ. "ಹಾಗಾದ್ರೆ ಟಿವೀಲಿ ದುಡ್ಡಿಲ್ಲ ಅಂತ ಹೇಳಿದ್ದು ತಪ್ಪಾ?" ಎಂದು ಮತ್ತೆ ಕೇಳಿದಳು. ಅಷ್ಟರಲ್ಲಿ ಸೊಸೆ, "ಅದು ಮಾತ್ರ ತಪ್ಪಲ್ಲ" ಎಂದಳು, ನನಗಿಂತ ಮೊದಲು.

ಮನೆಯಲ್ಲಿ ಈಗ ಒಂದು ಒಪ್ಪಂದವಾಗಿದೆ. ವಾರಕ್ಕೆ ಮೂರು ಬೆಳಿಗ್ಗೆ ಕೋರ್ಟು, ಮಿಕ್ಕ ಮೂರು ಬೆಳಿಗ್ಗೆ ಗಣಿತ, ಭಾನುವಾರ ನಿದ್ದೆ. ಅಟ್ಟಕ್ಕೆ ಹೋಗಬೇಕಿದ್ದ ಚೆಂಡು ನನ್ನ ಮಂಚದ ಕೆಳಗಿದೆ. ನಿನ್ನೆ ಸಂಜೆ ಅಂಗಳದಲ್ಲಿ ಟಪ್ ಟಪ್ ಸದ್ದು ಕೇಳಿ ಹೊರಗೆ ಬಂದು ನೋಡಿದೆ. ಒಂದು ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಗೋಡೆಯ ಮೇಲಿನ ಸೀಮೆಸುಣ್ಣದ ವೃತ್ತಕ್ಕೆ ಚೆಂಡು ಎಸೆಯುತ್ತಿದ್ದಳು. ಹತ್ತರಲ್ಲಿ ಮೂರು ಬಿದ್ದವು. ನಾಲ್ಕನೆಯದು ನಮ್ಮ ತುಳಸಿಕಟ್ಟೆಗೆ ಬಡಿಯಿತು.